ಮಕ್ಕಳ ಜೊತೆ ಹಂಪಿಗೆ ಹೊರಟಿದ್ದೀರಾ? ರೈಲು ಹಿಡಿಯಿರಿ, ಸಾಕ್ಸ್ ಮರೆಯಬೇಡಿ

ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ಬೆಂಗಳೂರಿನಿಂದ ಹಂಪಿ ಪಕ್ಕದ ಹೊಸಪೇಟೆಗೆ ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋಗಬೇಡಿ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ.

ನಮಗೆ ಸಿಕ್ಕಿದ್ದು ಒಂದು ಖಾಸಗಿ ಬಸ್ಸಿನ ಕಟ್ಟಕಡೆಯ ಮೇಲಿನ ಬರ್ತ್. ಹಂಪ್ ಬಂದಾಗಲೆಲ್ಲ ಮಕ್ಕಳು ಗೇಣುದ್ದ ಮೇಲೆ ಹಾರುತ್ತಿದ್ದರು. ಚಿಕ್ಕವನಿಗೆ ಅದೇ ಆಟವಾಯಿತು. "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗುತ್ತಿದ್ದ. ಹಿರಿಯೂರು ದಾಟಿದ ಮೇಲೆ ಅವನಿಗೆ ಸೂಸು ಬಂತು. ಕ್ಲೀನರನ್ನು ಕೇಳಿದರೆ "ಚಿತ್ರದುರ್ಗದಲ್ಲಿ ನಿಲ್ಲಿಸ್ತೀವಿ" ಎಂದ. ಚಿತ್ರದುರ್ಗ ಬಂತು, ಹೋಯಿತು, ಬಸ್ಸು ನಿಲ್ಲಲಿಲ್ಲ. ಬಾಟಲಿ ಬೇಕಲ್ಲ? ಅದರಲ್ಲಿದ್ದ ನೀರನ್ನೆಲ್ಲ ನನ್ನ ಗಂಡ ಗಟಗಟ ಕುಡಿದು ಖಾಲಿ ಮಾಡಿಕೊಟ್ಟರು. ಕೆಲಸ ಮುಗಿಯುತ್ತಿದ್ದಂತೆ ಮಗ ಇಡೀ ಬಸ್ಸಿಗೆ ಕೇಳುವಂತೆ "ಅಮ್ಮಾ, ಬಾಟ್ಲಿ ತುಂಬೋಯ್ತು!" ಎಂದು ಕೂಗಿದ. ಕತ್ತಲಲ್ಲಿ ಒಂದೊಂದೇ ಪರದೆಯ ಹಿಂದಿನಿಂದ ನಗು ಕೇಳಿಸಿತು. ಕೂಡ್ಲಿಗಿ ಬರುವ ಹೊತ್ತಿಗೆ, ಅಷ್ಟು ನೀರು ಕುಡಿದಿದ್ದ ನನ್ನ ಗಂಡ ಡ್ರೈವರ್ ಪಕ್ಕ ಹೋಗಿ ನಿಂತಿದ್ದರು. ದೊಡ್ಡವರು ಕೇಳಿದಾಗ ಬಸ್ಸು ನಿಂತಿತು ನೋಡಿ! ಮಗು ಕೇಳಿದಾಗ ಯಾಕೆ ನಿಲ್ಲಲಿಲ್ಲ ಎಂಬ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಟಿಕೆಟ್ಟಿನಲ್ಲಿ ಹೊಸಪೇಟೆ ಬಸ್ ನಿಲ್ದಾಣ ಎಂದಿತ್ತು. ಇನ್ನೂ ಬೆಳಕು ಹರಿಯುವ ಮೊದಲೇ ಹೆದ್ದಾರಿಯಲ್ಲಿ ಇಳಿಸಿ, "ಬಸ್ಸು ಊರೊಳಗೆ ಹೋಗಲ್ಲ" ಎಂದರು. ಅಲ್ಲೇ ಕಾದಿದ್ದ ಆಟೋದವರು ಊರೊಳಕ್ಕೆ ಬಿಡಲು ನಾನೂರು ರೂಪಾಯಿ ಕೇಳಿದರು. ಇಬ್ಬರು ನಿದ್ದೆಗಣ್ಣಿನ ಮಕ್ಕಳು, ಮೂರು ಬ್ಯಾಗು. ಕೊಡದೆ ಇರಲು ಆಗುತ್ತದಾ?

ವಾಪಸ್ ಬಂದಿದ್ದು ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ. ಹೋಗುವಾಗಲೂ ಅದೇ ಒಳ್ಳೆಯದು. ಮೈಸೂರಿನಿಂದ ಹೊರಟು ಬೆಂಗಳೂರು, ಗುಂತಕಲ್, ಬಳ್ಳಾರಿ ಮೇಲೆ ಹೊಸಪೇಟೆಗೆ ಬರುತ್ತದೆ. ಬಳಸು ದಾರಿ ನಿಜ, ಆದರೆ ರಾತ್ರಿ ಮಲಗಿದರೆ ಬೆಳಗ್ಗೆ ಊರು. ಓಡಾಡಲು ಜಾಗ ಇದೆ, ಶೌಚಾಲಯ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಕಿಲ್ಲ. ಶನಿವಾರ ಭಾನುವಾರಕ್ಕೆ ಬೇಗ ತುಂಬುತ್ತದೆ, ಮುಂಚೆಯೇ ಬುಕ್ ಮಾಡಿ.

ರೂಮಿನ ವಿಷಯದಲ್ಲೂ ಒಂದು ಮಾತು. ಕಮಲಾಪುರದ ಹತ್ತಿರ ನಾವು ಉಳಿದ ಜಾಗದಲ್ಲಿ ಹೊರಡುವ ದಿನ ಬಿಲ್ಲಿಗೆ "ಹೆಚ್ಚುವರಿ ವ್ಯಕ್ತಿ" ಎಂದು ದಿನಕ್ಕೆ ಎಂಟುನೂರು ಸೇರಿಸಿದ್ದರು. ಆ ವ್ಯಕ್ತಿ ಯಾರೆಂದರೆ ನಮ್ಮ ಎಂಟು ವರ್ಷದ ಮಗಳು. ಹಾಸಿಗೆ ಕೊಟ್ಟಿರಲಿಲ್ಲ, ದಿಂಬೂ ಕೊಟ್ಟಿರಲಿಲ್ಲ. ಅವಳೇ ಕೌಂಟರಿಗೆ ಹೋಗಿ "ಅಂಕಲ್, ನಾನು ಅಮ್ಮನ ದಿಂಬಲ್ಲೇ ಮಲಗಿದ್ದು" ಎಂದಳು. ಅರ್ಧಕ್ಕೆ ಇಳಿಸಿದರು. ಬುಕ್ ಮಾಡುವಾಗಲೇ ಮಕ್ಕಳ ವಯಸ್ಸು ಹೇಳಿ, ಎಷ್ಟಾಗುತ್ತದೆ ಎಂದು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಈಗ ಒಳ್ಳೆಯ ಸುದ್ದಿಗೆ ಬರುತ್ತೇನೆ. ಹೊಸಪೇಟೆಯಲ್ಲಿ ಬೆಳಗಿನ ತಿಂಡಿಗೆ ಇಡ್ಲಿ ದೋಸೆ ಹುಡುಕಬೇಡಿ. ಒಗ್ಗರಣೆ ಮಿರ್ಚಿ ತಿನ್ನಿ. ನಾವು ತಿಂದಿದ್ದು ಒಂದು ಸಣ್ಣ ಓಣಿಯಲ್ಲಿ. ಬೋರ್ಡಿಲ್ಲ, ಎರಡು ಬೆಂಚು, ಒಂದು ದೊಡ್ಡ ಬಾಣಲೆ. ಮಂಡಕ್ಕಿಯನ್ನು ನೀರಿಗೆ ಹಾಕಿ, ಹಿಂಡಿ ತೆಗೆದು, ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಗೆ ಹಾಕಿ ತಿರುವುತ್ತಾರೆ. ಮೇಲೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡುತ್ತಾರೆ. ಪಕ್ಕಕ್ಕೆ ಬಿಸಿ ಬಿಸಿ ಮಿರ್ಚಿ. ಮಂಡಕ್ಕಿ ಮೆತ್ತಗಿರುತ್ತದೆ, ಆದರೆ ಮುದ್ದೆಯಾಗಿರುವುದಿಲ್ಲ. ಆ ಹದ ನನಗೆ ಮನೆಯಲ್ಲಿ ಇನ್ನೂ ಬಂದಿಲ್ಲ. ಚಿಕ್ಕವನು ಮಿರ್ಚಿ ನೋಡಿ ಅಳಲು ಶುರು ಮಾಡಿದ. ಅಂಗಡಿಯ ಅಮ್ಮ ಒಂದು ಮಿರ್ಚಿ ತೆಗೆದುಕೊಂಡು, ಒಳಗಿನ ಮೆಣಸಿನಕಾಯಿಯನ್ನು ಸರಕ್ಕನೆ ಎಳೆದು ತೆಗೆದು, ಬರೀ ಕಡಲೆಹಿಟ್ಟಿನ ಕವಚವನ್ನು ಅವನ ತಟ್ಟೆಗೆ ಹಾಕಿದರು. "ಇದು ನಿನ್ ಮಿರ್ಚಿ, ಖಾರ ಇಲ್ಲ ತಗೋ" ಎಂದರು. ಅಲ್ಲಿಂದ ಮುಂದೆ ಅವನಿಗೆ ದಿನಾ ಅದೇ ಬೇಕು. ಅವನು ಬಿಟ್ಟ ಮೆಣಸಿನಕಾಯಿಗಳೆಲ್ಲ ಅಪ್ಪನ ಪಾಲು. ನಾಲ್ಕೂ ಜನರ ಹೊಟ್ಟೆ ತುಂಬಿದ ಮೇಲೂ ಇನ್ನೂರು ರೂಪಾಯಿ ದಾಟಲಿಲ್ಲ. ಆ ಅಮ್ಮನ ಕೈ ಚೆನ್ನಾಗಿರಲಿ.

ವಿರೂಪಾಕ್ಷ ದೇವಸ್ಥಾನಕ್ಕೆ ಬೆಳಗ್ಗೆಯೇ ಹೋಗಿ. ಚಪ್ಪಲಿ ಬಿಟ್ಟು ಹೋಗಬೇಕು, ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಕಾವಲಿಯಂತೆ ಕಾಯುತ್ತದೆ. ಮಕ್ಕಳಿಗೆ ದಪ್ಪ ಸಾಕ್ಸ್ ಇರಲಿ. ಅಲ್ಲಿನ ಆನೆ ಲಕ್ಷ್ಮಿ ಸೊಂಡಿಲಿಗೆ ಕಾಸು ಇಟ್ಟರೆ ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾಳೆ, ಕಾಸನ್ನು ಮಾವುತನಿಗೆ ಕೊಡುತ್ತಾಳೆ. ನಮ್ಮವನು ಹತ್ತು ರೂಪಾಯಿ ನಾಣ್ಯ ಕೊಟ್ಟ, ಆಶೀರ್ವಾದ ತಗೊಂಡ, ಆಮೇಲೆ ಕೈ ಚಾಚಿ ನಿಂತ. ನಾಣ್ಯ ವಾಪಸ್ ಬರುತ್ತದೆ ಎಂದುಕೊಂಡಿದ್ದ. "ಲಕ್ಷ್ಮೀ, ನಂದು ಕೊಡು" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಮಾವುತ ತಮ್ಮ ಜೇಬಿನಿಂದ ಒಂದು ರೂಪಾಯಿ ತೆಗೆದು ಕೊಟ್ಟ ಮೇಲೆ ಜಾಗ ಬಿಟ್ಟ.

ಅದೇ ದೇವಸ್ಥಾನದ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಎದುರು ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬರುತ್ತದಲ್ಲ, ಹಾಗಾಗಿ. ಮಗಳಿಗೆ ಕಿಂಡಿ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಚಿಕ್ಕವನು ಬಗ್ಗಿ, ತನ್ನ ಕಾಲ ನಡುವಿನಿಂದ ನೋಡಿ, "ಸರಿ ಆಯ್ತು" ಎಂದ. ಹಿಂದೆ ನಿಂತಿದ್ದ ಇನ್ನೊಂದು ಮನೆಯ ಮಕ್ಕಳೂ ಸಾಲಾಗಿ ಬಗ್ಗಿದರು.

ಕೋತಿಗಳ ಬಗ್ಗೆ ಎಚ್ಚರ. ಪ್ಲಾಸ್ಟಿಕ್ ಕವರ್ ಕಂಡರೆ ಬಿಡುವುದಿಲ್ಲ. ಹಣ್ಣು, ಬಿಸ್ಕತ್ತು ಎಲ್ಲ ಜಿಪ್ ಇರುವ ಬ್ಯಾಗಿನೊಳಗೆ ಇರಲಿ.

ವಿಠ್ಠಲ ದೇವಸ್ಥಾನಕ್ಕೆ ಗೆಜ್ಜಲ ಮಂಟಪದ ಹತ್ತಿರದಿಂದ ಬ್ಯಾಟರಿ ಗಾಡಿ ಇದೆ. ಸುಮಾರು ಒಂದು ಕಿಲೋಮೀಟರ್ ದಾರಿ. ರಜೆ ದಿನ ಸಾಲು ತುಂಬಾ ಉದ್ದ. ನನಗೆ ನೂಕುನುಗ್ಗಲು ಆಗುವುದೇ ಇಲ್ಲ, ನಾವು ನಡೆದೇ ಹೋದೆವು. ಬೆಳಗ್ಗೆಯಾದರೆ ಮಕ್ಕಳೂ ಆರಾಮಾಗಿ ನಡೆಯುತ್ತಾರೆ. ಹದಿನೈದು ವರ್ಷದೊಳಗಿನವರಿಗೆ ಒಳಗೆ ಟಿಕೆಟ್ ಇಲ್ಲ. ನಿಮ್ಮ ಟಿಕೆಟ್ಟನ್ನು ಎಸೆಯಬೇಡಿ, ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ.

ಹೋಗುವ ಮೊದಲು ಮಕ್ಕಳ ಕೈಗೆ ಹೊಸ ಐವತ್ತರ ನೋಟು ಕೊಡಿ. ಅದರ ಹಿಂಬದಿಯಲ್ಲಿ ಇರುವುದು ವಿಠ್ಠಲ ದೇವಸ್ಥಾನದ ಕಲ್ಲಿನ ರಥ. ಮಗಳು ನೋಟು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ಎರಡನ್ನೂ ಹೋಲಿಸಿ ನೋಡಿದಳು. ಆಮೇಲೆ "ಅಮ್ಮ, ಆನೆ ಹಿಂದೆ ಬೇರೆ ಯಾವುದೋ ಪ್ರಾಣಿಯ ಕಾಲಿದೆ" ಎಂದಳು. ನಿಜ. ಮೊದಲು ರಥದ ಮುಂದೆ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದಿಟ್ಟಿದ್ದು. ಕುದುರೆಗಳ ಹಿಂಗಾಲು, ಬಾಲ ಈಗಲೂ ಕಾಣುತ್ತವೆ. ಎಷ್ಟೋ ದೊಡ್ಡವರು ಸೆಲ್ಫಿ ತಗೊಂಡು ಹೋಗಿಬಿಡುತ್ತಾರೆ, ಎಂಟು ವರ್ಷದವಳು ಕಂಡುಹಿಡಿದಳು. ನನಗೆ ಇಡೀ ಪ್ರವಾಸದಲ್ಲಿ ಅದಕ್ಕಿಂತ ಖುಷಿ ಕೊಟ್ಟಿದ್ದು ಬೇರೆ ಇಲ್ಲ.

ಮಕ್ಕಳು ಅತಿ ಹೆಚ್ಚು ಹೊತ್ತು ಆಡಿದ್ದು ಗಜಶಾಲೆಯ ಮುಂದಿನ ಹುಲ್ಲಿನ ಮೇಲೆ. ಅಲ್ಲಿ ಗುಮ್ಮಟದ ಕೋಣೆಗಳು ಹನ್ನೊಂದು. ಇಬ್ಬರೂ ಅವುಗಳನ್ನು ನೆಂಟರಿಷ್ಟರಿಗೆ ಹಂಚಿದರು. ಅಜ್ಜಿಗೆ ನಡುವಿನದು, ಮಾವನಿಗೆ ತುದಿಯದು. ಬಾತ್‌ರೂಮ್ ಯಾವುದು ಎಂಬುದಕ್ಕೆ ದೊಡ್ಡ ಜಗಳವೇ ಆಯಿತು. ಮಾತಂಗ ಬೆಟ್ಟ ಚಿಕ್ಕ ಮಕ್ಕಳಿಗೆ ಬೇಡ. ಸೂರ್ಯಾಸ್ತ ನೋಡಲು ಹೇಮಕೂಟ ಬೆಟ್ಟ ಸಾಕು, ಇಳಿಜಾರು ಕಡಿದಾಗಿಲ್ಲ.

ತುಂಗಭದ್ರೆಯಲ್ಲಿ ತೆಪ್ಪ ಹತ್ತುವ ಮೊದಲು ದರ ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಕೇಳಿಕೊಳ್ಳಿ. ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಲೇಬೇಡಿ. ಹೊಟ್ಟೆ ತುಂಬ ಒಗ್ಗರಣೆ ತಿಂದ ಮಗುವಿದ್ದರೆ ತೆಪ್ಪವನ್ನು ಗಿರಗಿರ ತಿರುಗಿಸಬೇಡಿ ಎಂದೂ ತೆಪ್ಪದವರಿಗೆ ಹೇಳಿ.

ಒಂದು ಮಧ್ಯಾಹ್ನವನ್ನು ದರೋಜಿ ಕರಡಿಧಾಮಕ್ಕೆ ಇಟ್ಟುಕೊಳ್ಳಿ. ಬಂಡೆಗಳ ಮೇಲೆ ಸಿಹಿ ಸವರಿರುತ್ತಾರೆ, ಕರಡಿಗಳು ನೆಕ್ಕಲು ಬರುತ್ತವೆ, ನಾವು ವೀಕ್ಷಣಾ ಗೋಪುರದ ಮೇಲಿನಿಂದ ನೋಡಬೇಕು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಮೊದಲ ಕರಡಿ ಬಂತು. ನಮ್ಮವನು "ಕರಡೀ, ಇಲ್ಲೀ!" ಎಂದು ಕೈ ಬೀಸಿದ. ಕರಡಿ ತಿರುಗಿ ಪೊದೆಗೆ ಹೋಯಿತು. ಪಕ್ಕದವರು ಬಯ್ಯಲಿಲ್ಲ, ಅವರಿಗೆ ನನ್ನ ಥ್ಯಾಂಕ್ಸ್. ಅದು ಮತ್ತೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಮಕ್ಕಳ ಬಾಯಿಗೆ ತಿನ್ನಲು ಏನಾದರೂ ಇಟ್ಟುಕೊಂಡಿರಿ, ಬೈನಾಕ್ಯುಲರ್ ಇದ್ದರೆ ತಪ್ಪದೆ ಒಯ್ಯಿರಿ. ಬಂಡೆಗಳು ದೂರ, ಬರಿಗಣ್ಣಿಗೆ ಕರಿ ಚುಕ್ಕಿ ಮಾತ್ರ ಕಾಣುತ್ತದೆ.