ಇಎಂಟಿ ಕೆಲಸಕ್ಕೆ ಶುರುವಿನ ಸಂಬಳ ಎಷ್ಟು?

ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್, ಅಂದರೆ ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವವರು) ಕೋರ್ಸ್ ಮುಗಿಸಿದ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ-ಅಮ್ಮ, ಮೊದಲು ಕೇಳುವುದು ಇದನ್ನೇ: ಆಂಬುಲೆನ್ಸಿಗೆ ಸೇರಿದರೆ ತಿಂಗಳಿಗೆ ಎಷ್ಟು ಕೊಡುತ್ತಾರೆ? ಸಂದರ್ಶನದಲ್ಲಿ ಹೇಳುವ ಮೊತ್ತ ಒಂದು, ಬ್ಯಾಂಕ್ ಖಾತೆಗೆ ಬೀಳುವುದು ಇನ್ನೊಂದು. ಕೇಳಬೇಕಾದದ್ದು ಕೈಗೆ ಎಷ್ಟು ಬರುತ್ತದೆ, ಎಷ್ಟು ಗಂಟೆ ದುಡಿತಕ್ಕೆ ಬರುತ್ತದೆ ಎಂಬುದನ್ನು.

ಲೆಕ್ಕ ಹಾಕಿಯೇ ನೋಡೋಣ. ಏಜೆನ್ಸಿಯವರು ‘ಸಿಟಿಸಿ 17,438’ ಅಂದರು ಅಂತಿಟ್ಟುಕೊಳ್ಳಿ. ಸಿಟಿಸಿ ಅಂದರೆ ನಿಮಗಾಗಿ ಮಾಲೀಕರು ಮಾಡುವ ಒಟ್ಟು ಖರ್ಚು. ಇದರಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000. ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ) ಮತ್ತು ಅದರ ಆಡಳಿತ, ವಿಮೆ ಖರ್ಚು 13% ಅಂದರೆ 1,950, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 3.25% ಅಂದರೆ 488. ಈ ಎರಡೂ ನಿಮ್ಮ ಕೈಗೆ ಬರುವ ದುಡ್ಡಲ್ಲ. ಉಳಿದ 15,000ದಲ್ಲಿ ನಿಮ್ಮ ಪಾಲಿನ ಪಿಎಫ್ 12%, 1,800, ಇಎಸ್‌ಐ 0.75%, 113. ಕೊನೆಗೆ ಕೈಗೆ ಸಿಗುವುದು 13,087. ಹದಿನೇಳೂವರೆ ಸಾವಿರ ಅಂತ ನಂಬಿ ಶಿವಮೊಗ್ಗದಲ್ಲಿ ರೂಮು ಹಿಡಿದವರಿಗೆ ಮೊದಲ ತಿಂಗಳಲ್ಲೇ ತಾಪತ್ರಯ ಶುರುವಾಗುವುದು ಇಲ್ಲಿ.

ಇನ್ನು ಗಂಟೆ. ಆಂಬುಲೆನ್ಸಿನಲ್ಲಿ 12 ಗಂಟೆ ಡ್ಯೂಟಿ ಸಾಮಾನ್ಯ. 26 ದಿನಕ್ಕೆ 312 ಗಂಟೆ. 15,000ವನ್ನು ಭಾಗಿಸಿದರೆ ಗಂಟೆಗೆ 48 ರೂಪಾಯಿ. ಅದೇ ಸಂಬಳಕ್ಕೆ 8 ಗಂಟೆ ಕೆಲಸವಿರುವ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ 72. ನಿಗದಿತ ಅವಧಿ ಮೀರಿದರೆ ದುಪ್ಪಟ್ಟು ದರ ಕೊಡಬೇಕೆನ್ನುವುದು ಕಾನೂನು. ಈ ಓಟಿ (ಓವರ್‌ಟೈಮ್ ದುಡ್ಡು) ಇದೆಯೋ ಇಲ್ಲವೋ ಎಂದು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಡ್ಯೂಟಿ ಮುಗಿಯುವ ಹೊತ್ತಿಗೆ ಆಗುಂಬೆ ಕಡೆಯ ಕೇಸ್ ಬಂದರೆ, ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಿಟ್ಟು ಗಾಡಿ ವಾಪಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮೂರ್ನಾಲ್ಕು ಗಂಟೆ ಹೆಚ್ಚಾಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದರಂತೂ ಹೇಳುವುದೇ ಬೇಡ. ಹೊರಟ ಹೊತ್ತು, ಬಂದ ಹೊತ್ತು ಎರಡನ್ನೂ ನಿಮ್ಮದೇ ಡೈರಿಯಲ್ಲಿ ಬರೆದಿಡಿ.

ಕನಿಷ್ಠ ವೇತನ ವಲಯದ ಮೇಲೆ ಬದಲಾಗುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಇಲಾಖೆಯ ಆ ವರ್ಷದ ಪಟ್ಟಿ ನೋಡಿಕೊಂಡೇ ಸಂದರ್ಶನಕ್ಕೆ ಹೋಗಿ.

ನಾವು ಕಂಡಂತೆ ಹೆಚ್ಚು ಮೋಸ ಆಗುವುದು ಪಿಎಫ್‌ನಲ್ಲಿ. ಸಂಬಳದಲ್ಲಿ ಹಿಡಿಯುತ್ತಾರೆ, ಕಟ್ಟುವುದಿಲ್ಲ. ಒಂದು ತಿಂಗಳ ಹಣ ಅದರ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಿಂಗಳ ಕೊನೆಗೊಮ್ಮೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ಆಧಾರ್‌ನಲ್ಲಿ ‘ರಮೇಶ ಕೆ’, ಅಂಕಪಟ್ಟಿಯಲ್ಲಿ ‘ಕೆ ರಮೇಶ್’ ಅಂತಿದ್ದರೆ ಸೇರುವ ಮೊದಲೇ ಒಂದೇ ಥರ ಮಾಡಿಸಿ. ಆಮೇಲೆ ಪಿಎಫ್ ಬಿಡಿಸಿಕೊಳ್ಳಲು ಅಲೆಯಬೇಕಾಗುತ್ತದೆ. ಮೂಲ ಅಂಕಪಟ್ಟಿಯನ್ನು ಯಾರು ಕೇಳಿದರೂ ಒತ್ತೆ ಇಡಬೇಡಿ, ತೋರಿಸಿ ವಾಪಸ್ ತನ್ನಿ.

ಸಂಬಳ ಏರುವುದು ಹೇಗೆ? ಸರ್ಟಿಫಿಕೇಟಿಗಿಂತ ಗಾಡಿಯೊಳಗಿನ ಲೆಕ್ಕ ಗೊತ್ತಿರುವವರಿಗೆ ಬೆಲೆ. ಅಡಿಕೆ ಕೊಯ್ಲಿನಲ್ಲಿ ಮರದಿಂದ ಬಿದ್ದ ಕೊನೆಗೌಡನನ್ನು (ಅಡಿಕೆ ಕೊನೆ ಇಳಿಸುವವನನ್ನು) ಹೊಸನಗರದಿಂದ ಶಿವಮೊಗ್ಗಕ್ಕೆ ಕರೆತರಬೇಕು, ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬೇಕು. ತುಂಬಿದ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ಅಂದರೆ 150 ನಿಮಿಷ. ಗೇಜ್ ಅರ್ಧಕ್ಕೆ ಇಳಿದಿದ್ದರೆ 75 ನಿಮಿಷ. ಮಳೆಯಲ್ಲಿ ಆ ದಾರಿ ಒಂದೂವರೆ ಗಂಟೆ ಹಿಡಿಯುತ್ತದೆ. ಹೊರಡುವ ಮುಂಚೆಯೇ ಗೇಜ್ ನೋಡಿ ಸಿಲಿಂಡರ್ ಬದಲಿಸಿಕೊಳ್ಳುವ ಇಎಂಟಿಯನ್ನು ವೈದ್ಯರು, ಪೈಲಟ್‌ಗಳು (ಆಂಬುಲೆನ್ಸ್ ಚಾಲಕರು) ಬೇಗ ಗುರುತಿಸುತ್ತಾರೆ. ವೆಂಟಿಲೇಟರ್ ಇರುವ ಗಾಡಿಗೆ ಆಳು ಬೇಕಾದಾಗ ಮೊದಲು ಕೇಳಿಬರುವುದು ಅಂಥವರ ಹೆಸರೇ. ಹೆಚ್ಚಿನ ಸಂಬಳ ಕೇಳುವುದಕ್ಕೂ ಅದೇ ಸರಿಯಾದ ಸಮಯ.