ಮನೆ ಚೆನ್ನಾಗೇ ಇತ್ತು, ವಂಶವೃಕ್ಷ ಸರಿ ಇರ್ಲಿಲ್ಲ

ಅಡ್ವಾನ್ಸ್ ಕೊಟ್ಟಾದ ಮೇಲೆ ಮನೆ ನೋಡೋ ಕಣ್ಣೇ ಬೇರೆ ಆಗ್ಬಿಡತ್ತೆ. ಅಲ್ಲೀವರೆಗೂ ಗೋಡೆ ತೇವ, ಸಂಪಿನ ಬಿರುಕು, ಪಕ್ಕದ್ಮನೆ ನಾಯಿ ಅಂತ ಹುಳುಕು ಹುಡುಕ್ತಿದ್ದೋರು ಐದು ಲಕ್ಷ ಕೈಬಿಟ್ಟ ದಿನದಿಂದ ಅದೇ ಮನೆ ಪರವಾಗಿ ವಾದ ಮಾಡೋಕೆ ನಿಂತ್ಬಿಡ್ತೀವಿ. ನಾನೂ ನಮ್ಮನೆಯವರೂ ಹಂಗೇ ಆಗಿದ್ವಿ.

ಬೆಂಗಳೂರಿನ ಉಲ್ಲಾಳದ ಕಡೆ, ಥರ್ಟಿ ಫಾರ್ಟಿ ಸೈಟು, ಕೆಳಗೊಂದು ಮೇಲೊಂದು ಮನೆ, ಒಂದು ಕೋಟಿ ಮೂವತ್ತೈದು ಲಕ್ಷಕ್ಕೆ ಮಾತಾಗಿತ್ತು. ಕಾವೇರಿ ನೀರು ಬರ್ತಿತ್ತು, ಮಗನ ಸ್ಕೂಲು ಹತ್ರ, ಅಡುಗೆಮನೆ ಕಿಟಕಿ ಹೊರಗೆ ಒಂದು ಕರಿಬೇವಿನ ಗಿಡ (ನಾನು ಬಿದ್ದಿದ್ದು ಅದಕ್ಕೇ, ಈಗ ಒಪ್ಕೊಳ್ತೀನಿ). ಇ-ಖಾತಾ ಆಗಿತ್ತು, ಟ್ಯಾಕ್ಸ್ ಬಾಕಿ ಇಲ್ಲ. ಆನ್‌ಲೈನಲ್ಲಿ ಇಸಿ (ಋಣಭಾರ ಪತ್ರ) 2004ರಿಂದ ಈಚಿಂದು ತೆಗೆದ್ವಿ, ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ನಾಲ್ಕು ಸಲ ಅಲೆದ್ವಿ, ಎಲ್ಲೂ ಸಾಲ ಅಡಮಾನ ಏನೂ ಇಲ್ಲ. ಬ್ಯಾಂಕಿನ ವಕೀಲರೂ ಓಕೆ ಅಂದ್ರು. ಇನ್ನೇನು ಬೇಕು ಹೇಳಿ.

ಮಾರೋರ ತಂದೆ 1989ರಲ್ಲಿ ತಮ್ಮ ಸಂಬಳದ ದುಡ್ಡಲ್ಲಿ ತಗೊಂಡ ಸೈಟು. 2011ರಲ್ಲಿ ವಿಲ್ ಬರೀದೇ ತೀರ್ಕೊಂಡಿದಾರೆ. 2013ರಲ್ಲಿ ತಾಯಿ ಮತ್ತೆ ಇಬ್ರು ಗಂಡುಮಕ್ಕಳು ಸೇರಿ ಪಾಲುಪಟ್ಟಿ ಮಾಡ್ಕೊಂಡು ಈ ಮನೆ ದೊಡ್ಡ ಮಗ, ಅಂದ್ರೆ ಈಗ ಮಾರೋರ ಪಾಲಿಗೆ ಬಂದಿದೆ. ಜೊತೆಗೆ ಅಫಿಡವಿಟ್ ಕೊಟ್ಟು ಮಾಡ್ಸಿದ ವಂಶವೃಕ್ಷ, ಅದರಲ್ಲಿ ಮೂರೇ ಹೆಸರು.

ಜುಲೈಯಲ್ಲಿ ಒಂದಿನ ಕಾರ್ಪೆಂಟರ್ ಕರ್ಕೊಂಡು ವಾರ್ಡ್‌ರೋಬ್ ಅಳತೆ ತಗೊಳೋಕೆ ಹೋಗಿದ್ದೆ, ನೋಡಿ ಎಷ್ಟು ಆತುರ, ರಿಜಿಸ್ಟ್ರೇಷನ್ನೇ ಆಗಿಲ್ಲ. ಪಕ್ಕದ್ಮನೆ ಅಜ್ಜಿ ಕಾಂಪೌಂಡ್ ಹತ್ರ ನಿಂತು ಮಾತಾಡಿಸಿದ್ರು. ಮೇಲಿನ ರೂಮು ಮಗನಿಗೆ ಓದ್ಕೊಳ್ಳೋಕೆ ಅಂದೆ. "ಹೂಂ, ಈ ಮನೆ ಹುಡುಗೀನೂ ಅಲ್ಲೇ ಕೂತು ಓದ್ತಿದ್ಲು" ಅಂದ್ರು. ಯಾವ ಹುಡುಗಿ ಅಜ್ಜಿ ಅಂದೆ. "ಅದೇ ಕೊನೇವ್ಳು, ಒಬ್ಳೇ ಮಗಳು, ಪುಣೆಗೆ ಕೊಟ್ರಲ್ಲ. ಅವರಪ್ಪ ಹೋದ್ಮೇಲೆ ಬರೋದೇ ಕಮ್ಮಿ ಮಾಡ್ಬಿಟ್ಲು."

ಟೇಪು ನನ್ನ ಕೈಯಲ್ಲೇ ಇತ್ತು, ಎಷ್ಟು ಅಡಿ ಅಂತ ಮರ್ತೇ ಹೋಯ್ತು.

ಪರಿಚಯದ ವಕೀಲರ ಹತ್ರ ಹೋದ್ವಿ. ಅವರು ಹೇಳಿದ್ದು ಇಷ್ಟು. ಹೆಣ್ಣುಮಕ್ಕಳಿಗೂ ಪಾಲು ಅನ್ನೋ 2005ರ ತಿದ್ದುಪಡಿ ಅಂತ ಎಲ್ರೂ ಹೇಳ್ತಾರಲ್ಲ, ಅದು ಪಿತ್ರಾರ್ಜಿತದ ವಿಷಯ, ಇಲ್ಲಿ ಅದೂ ಬೇಕಾಗಿಲ್ಲ. ತಂದೆ ಸ್ವಂತ ದುಡ್ಡಲ್ಲಿ ತಗೊಂಡಿದ್ದು, ವಿಲ್ ಇಲ್ದೆ ಹೋಗಿದಾರೆ ಅಂದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು, ಮಗಳು ಮಗ ಅಂತ ಭೇದ ಇಲ್ಲ. ನಾಲ್ಕು ಜನ, ಕಾಲು ಭಾಗ ಆಕೇದು. ಮದುವೆಗೆ ಖರ್ಚು ಮಾಡಿದ್ರೆ ಅದು ಹೋಗಲ್ಲ. ತಮ್ಮದಲ್ಲದ ಪಾಲನ್ನ ಇವರು ಮಾರೋಕೆ ಬರಲ್ಲ. ಖಾತಾ ಬರೀ ಟ್ಯಾಕ್ಸ್ ಕಟ್ಟೋ ಲೆಕ್ಕ, ಅದು ಹಕ್ಕುಪತ್ರ ಅಲ್ಲ. ಬ್ಯಾಂಕಿನವರು ಓಕೆ ಮಾಡಿದಾರಲ್ಲ ಸರ್ ಅಂದಿದ್ದಕ್ಕೆ ನಕ್ಬಿಟ್ರು, ಅವರು ಕೊಟ್ಟ ಕಾಗದ ನೋಡ್ತಾರಮ್ಮ, ಕೊಡದೇ ಇರೋ ಹೆಸರು ಅವರಿಗೆ ಹೆಂಗೆ ಗೊತ್ತಾಗ್ಬೇಕು, ಕೇಸ್ ಬಿದ್ರೂ ಇಎಂಐ ನೀವು ಕಟ್ತಾನೇ ಇರ್ಬೇಕು.

ಮಾರೋರನ್ನ ಕೇಳಿದ್ವಿ. ಕೇಳೋ ಮುಂಚೆ ನಾಲ್ಕು ದಿನ ಮಾತು ಜೋಡಿಸ್ಕೊಂಡಿದ್ದೆ. ಅವರಿಗೆ ಮುಜುಗರಾನೇ ಆಗ್ಲಿಲ್ಲ.

"ಅವಳಿಗೆ ಮದುವೇಲಿ ಎಲ್ಲಾ ಕೊಟ್ಟಾಗಿದೆ ಮೇಡಂ, ಅವಳೇನೂ ಕೇಳಲ್ಲ."

"ಕೇಳಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸರ್, ಹಕ್ಕು ಬಿಟ್ಟಿದೀನಿ ಅಂತ ಒಂದು ರಿಲೀಸ್ ಡೀಡ್ ಮಾಡಿಸ್ಕೊಡಿ, ಇಲ್ಲಾ ಸೇಲ್ ಡೀಡಿಗೆ ಅವರೂ ಬಂದು ಸೈನ್ ಹಾಕ್ಲಿ."

"ಸುಮ್ನಿರೋಳನ್ನ ಈಗ ಕೆಣಕೋದ್ಯಾಕೆ ಮೇಡಂ?"

ಬ್ರೋಕರ್ ಮಧ್ಯ ಬಂದು, ಮುಂದೆ ನಷ್ಟ ಆದ್ರೆ ಮಾರೋರೇ ತುಂಬಿಕೊಡ್ತಾರೆ ಅಂತ ಇಂಡೆಮ್ನಿಟಿ ಬಾಂಡ್ ಬರ್ಸಿಕೊಡ್ತೀವಿ ಅಂದ್ರು. ಅದನ್ನ ಇಟ್ಕೊಂಡು ನೀವು ಇವರ ಮೇಲೆ ಎರಡನೇ ಕೇಸ್ ಹಾಕ್ಬಹುದು, ಆ ಮಗಳು ಹಾಕೋ ಮೊದಲನೇ ಕೇಸ್ ಅದರಿಂದ ತಪ್ಪಲ್ಲ ಅಂದ್ರು ವಕೀಲರು.

ಇಷ್ಟಾದ್ರೂ ಬಿಡೋಕೆ ಮನಸ್ಸಿಲ್ಲ ಸ್ವಾಮಿ! ಒಂದು ತಿಂಗಳು ರಾತ್ರಿ ಊಟ ಆದ್ಮೇಲೆ ಇದೇ ಮಾತು. ನಮ್ಮನೆಯವರು, "ಹದಿನಾಲ್ಕು ವರ್ಷ ಪಾಲು ಕೇಳೋಕೆ ಬರ್ದೇ ಇರೋಳು ಈಗ ಬರ್ತಾಳಾ" ಅಂತಾರೆ. ನಾನು ಬಂದ್ರೆ ಅಂತೀನಿ. ಮಾರನೇ ದಿನ ನಾನೇ, ಬರಲ್ಲ ಬಿಡ್ರಿ ಅಂತೀನಿ, ಅವರು ಬಂದ್ರೆ ಅಂತಾರೆ. ಐದು ಲಕ್ಷ, ವಕೀಲರ ಫೀಸು, ಲೋನಿನ ಪ್ರೊಸೆಸಿಂಗ್ ಫೀ, ಓನರಿಗೆ ಸೆಪ್ಟೆಂಬರಲ್ಲಿ ಖಾಲಿ ಮಾಡ್ತೀವಿ ಅಂತ ಬೇರೆ ಹೇಳಿಯಾಗಿತ್ತು. ನಿಜ ಹೇಳ್ಬೇಕಂದ್ರೆ ಆ ಹೆಣ್ಣುಮಗಳ ಪಾಲಿನ ಬಗ್ಗೆ ಅಲ್ಲ, ಆಕೆ ಕೋರ್ಟಿಗೆ ಹೋಗ್ತಾಳಾ ಇಲ್ವಾ ಅನ್ನೋದರ ಬಗ್ಗೇನೇ ನಮ್ಮ ಲೆಕ್ಕಾಚಾರ ಎಲ್ಲಾ.

ಅಷ್ಟರಲ್ಲಿ ಗೌರಿ ಹಬ್ಬ ಬಂತು, ಆಗಸ್ಟ್ 26. ತಿಪಟೂರಿಂದ ನನ್ನ ತಮ್ಮ ಪ್ರತಿ ವರ್ಷದಂಗೆ ಅರಿಶಿನ ಕುಂಕುಮದ ದುಡ್ಡು ಫೋನ್‌ಪೇ ಮಾಡಿ, ಅಕ್ಕ ಸೀರೆ ತಗೋ ಅಂದ. ನಾನು 2016ರಲ್ಲಿ ಅಪ್ಪನ ತೆಂಗಿನ ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದೀನಿ. ಸಬ್‌ರಿಜಿಸ್ಟ್ರಾರ್ ಮುಂದೆ ಫೋಟೋ, ಹೆಬ್ಬೆಟ್ಟು, ಆಮೇಲೆ ಹೋಟ್ಲಲ್ಲಿ ಎಲ್ಲರೂ ಮಸಾಲೆ ದೋಸೆ. ಬೇಜಾರಿಂದೇನೂ ಹಾಕ್ಲಿಲ್ಲ, ತೋಟ ನೋಡ್ಕೊಳೋನು ಅವನೇ. ಆದ್ರೆ ಹಾಕ್ತೀಯಾ ಅಂತ ಯಾರೂ ಕೇಳಿರ್ಲಿಲ್ಲ, ಇಂಥಾ ದಿನ ಬಾ ಅಂತ ಡೇಟ್ ಹೇಳಿದ್ರು ಅಷ್ಟೇ. ಅದು ಇಷ್ಟು ವರ್ಷ ಎಲ್ಲೋ ಚುಚ್ತಾ ಇತ್ತು ಅಂತ ಆವತ್ತು ಬಾಗಿನದ ಮೊರ ತೊಳೀತಾ ಗೊತ್ತಾಯ್ತು. ನನ್ನನ್ನ ಡೇಟ್ ಹೇಳಿಯಾದ್ರೂ ಕರೆದ್ರು. ಪುಣೆಯಾಕೆಯನ್ನ ಮನೆ ಮಗಳು ಅಂತ ಬರ್ದೂ ಇಲ್ಲ.

ಹಬ್ಬ ಮುಗಿದ ಶುಕ್ರವಾರ ಬ್ರೋಕರ್ ಫೋನು. "ಮೇಡಂ, 31ರಿಂದ ರಿಜಿಸ್ಟ್ರೇಷನ್ ಫೀ ಒಂದು ಪರ್ಸೆಂಟಿಂದ ಎರಡಾಗ್ತಿದೆ, ನಿಮಗೆ ಒಂದು ಲಕ್ಷ ಮೂವತ್ತೈದು ಸಾವಿರ ಎಕ್ಸ್‌ಟ್ರಾ ಬೀಳತ್ತೆ, ನಾಳೆನೇ ಹೆಂಗಾದ್ರೂ ಸ್ಲಾಟ್ ಮಾಡ್ಸೋಣ." ಫೀ ವಿಷಯ ಸುಳ್ಳಲ್ಲ. ನಾನು ನಮ್ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದ್ರು, ಬೇಡ ಬಿಡಿ ಅಂದೆ. ಅವರು ಬೇಡ ಅನ್ಲಿಲ್ಲ, ಫ್ಯಾನ್ ಹಾಕಿ ಹೋಗಿ ಮಲಗಿದ್ರು.

ದುಡ್ಡಿನ ಕಥೆ ಇನ್ನೂ ಮುಗಿದಿಲ್ಲ. ಖರೀದಿದಾರರು ಹಿಂದೆ ಸರಿದ್ರೆ ಅಡ್ವಾನ್ಸ್ ಇಲ್ಲ ಅಂತ ಕರಾರಲ್ಲಿತ್ತು, ಅದೇ ಕರಾರಲ್ಲಿ ಬೇರೆ ಹಕ್ಕುದಾರರು ಯಾರೂ ಇಲ್ಲ ಅಂತ ಅವರು ಖಾತ್ರೀನೂ ಕೊಟ್ಟಿದ್ರು. ಅದನ್ನೇ ಹಿಡ್ಕೊಂಡು ವಕೀಲರು ನೋಟಿಸ್ ಕಳಿಸಿದ್ರು. ಹಕ್ಕಿನಲ್ಲಿ ದೋಷ ಇದ್ದು ನಾವು ಬಿಟ್ರೆ ಕೊಟ್ಟ ದುಡ್ಡಿಗೆ ಆ ಆಸ್ತಿ ಮೇಲೇ ಭಾರ (ಆ ಆಸ್ತಿಯಿಂದಲೇ ವಸೂಲಿ ಮಾಡೋ ಹಕ್ಕು) ಇರತ್ತೆ ಅಂತ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಸೆಕ್ಷನ್ ಹಾಕಿದ್ರು. ನೋಟಿಸ್ ಹೋದ್ಮೇಲೆ ಮಾರೋರ ಸ್ವರ ಸ್ವಲ್ಪ ಇಳೀತು, ಮೂರು ಲಕ್ಷದ ಚೆಕ್ ಬಂತು, ಪಾಸೂ ಆಯ್ತು.

ಉಳಿದಿದ್ದು ಎರಡು ಲಕ್ಷ. ಹೋದ ವಾರ ಫೋನ್ ಮಾಡಿದ್ದೆ. "ಒಂದು ಒಳ್ಳೇ ಪಾರ್ಟಿ ಬಂದಿದೆ ಮೇಡಂ, ಅವರು ಅಡ್ವಾನ್ಸ್ ಕೊಟ್ಟ ತಕ್ಷಣ ಮೊದಲು ನಿಮ್ದೇ ಕ್ಲಿಯರ್ ಮಾಡೋದು" ಅಂದ್ರು. ತಂಗಿ ಸೈನ್ ಆಯ್ತಾ ಸರ್ ಅಂದೆ. ಸಿಗ್ನಲ್ ಇಲ್ಲ, ಆಮೇಲೆ ಮಾಡ್ತೀನಿ ಅಂತ ಇಟ್ಬಿಟ್ರು. ಆ ಪಾರ್ಟಿ ಯಾರೋ ಗೊತ್ತಿಲ್ಲ, ಅವರು ಬೇಗ ಒಪ್ಲಿ ಅಂತ ನಮ್ಮನೆಯವರು ದೇವರಿಗೆ ಕೈಮುಗೀತಿದಾರೆ, ನಾನು ಆ ಪಕ್ಕದ್ಮನೆ ಅಜ್ಜಿ ಅವರಿಗೂ ಕಾಂಪೌಂಡ್ ಹತ್ರ ಸಿಗ್ಲಿ ಅಂತ.