ಟಾಹೋಗೆ ಸ್ನೋ ನೋಡಲು ಹೊರಟಿದ್ದೀರಾ? ವಾಪಸ್ ಬರುವ ದಿನವನ್ನು ಮೊದಲು ಯೋಚಿಸಿ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡದ ಮನೆಗಳಿಗೆ ಚಳಿಗಾಲದಲ್ಲಿ ಊರಿಂದ ಹಿರಿಯರು ಬಂದರೆ ಸಿಯೆರಾ ಬೆಟ್ಟದ ಮೇಲಿನ ಟಾಹೋ ಸರೋವರಕ್ಕೆ ಒಂದು ಟ್ರಿಪ್ ಗ್ಯಾರಂಟಿ. ಗೋಲ್ಡನ್ ಗೇಟ್ ಆಯ್ತು, ಲಿವರ್‌ಮೋರ್ ದೇವಸ್ಥಾನ ಆಯ್ತು, ಇನ್ನು ಸ್ನೋ ಒಂದು ಬಾಕಿ. ಎಲ್ಲರೂ ಹೋಗುವ ದಾರಿಯ ಬಗ್ಗೆ ಚೆನ್ನಾಗಿ ವಿಚಾರಿಸುತ್ತಾರೆ. ಬರುವ ದಾರಿ ಬಗ್ಗೆ ಯಾರೂ ಕೇಳುವುದಿಲ್ಲ. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ಅದರ ಬಗ್ಗೆ. ಹೋಗುವ ದಿನ ಹವಾಮಾನ ನೋಡಿ ಹೊರಡುತ್ತೀರಿ, ಬೇಡ ಅನ್ನಿಸಿದರೆ ಮನೆಯಲ್ಲೇ ಉಳಿಯುತ್ತೀರಿ. ಬರುವ ದಿನ ಮಾತ್ರ ಸೋಮವಾರದ ಆಫೀಸು, ಮಕ್ಕಳ ಶಾಲೆ ಎಲ್ಲ ಸೇರಿ ನಿಮ್ಮನ್ನು ಕಾರಿಗೆ ತಳ್ಳುತ್ತವೆ.

ನಾವು ಹೋಗಿದ್ದು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ಲಾಂಗ್ ವೀಕೆಂಡಿಗೆ, ಅತ್ತೆ-ಮಾವನ ಜೊತೆ. ಹೊರಡುವ ಮುಂಚೆ ನೋಡಿದಾಗ ಭಾನುವಾರ ಕೆಲವು ಇಂಚು ಸ್ನೋ ಬೀಳಬಹುದು ಅಂತ ಮಾತ್ರ ಇತ್ತು. ಭಾನುವಾರ ಬೆಳಗ್ಗೆ ಎದ್ದರೆ ಕಾರಿನ ಚಕ್ರಗಳೇ ಕಾಣುತ್ತಿರಲಿಲ್ಲ. ಇದು ಇಲ್ಲಿ ಅಪರೂಪವೇನಲ್ಲ. ಪೆಸಿಫಿಕ್ ಸಮುದ್ರದಿಂದ ನೀರು ಹೊತ್ತು ಬರುವ ಮೋಡಗಳ ಸಾಲು ಸಿಯೆರಾ ಬೆಟ್ಟಕ್ಕೆ ತಾಗಿ ಮೇಲೇರಿದಾಗ ಇದ್ದಬದ್ದ ತೇವವೆಲ್ಲ ಅಲ್ಲೇ ಸುರಿಯುತ್ತದೆ. ಟಾಹೋ ದಾರಿಯಲ್ಲಿ ಬೆಟ್ಟ ದಾಟುವ ಜಾಗವಾದ ಡಾನರ್ ಪಾಸ್ ಹತ್ತಿರ ಯುಸಿ ಬರ್ಕ್ಲಿಯವರ ಸ್ನೋ ಲ್ಯಾಬ್ ಇದೆ. 2021ರ ಡಿಸೆಂಬರ್ ಒಂದೇ ತಿಂಗಳಲ್ಲಿ ಅಲ್ಲಿ 214 ಇಂಚು ಬಿತ್ತು. ಅಂದರೆ ಹೆಚ್ಚುಕಮ್ಮಿ 18 ಅಡಿ. 2024ರ ಮಾರ್ಚ್ ಮೊದಲ ವಾರಾಂತ್ಯದ ಬ್ಲಿಝರ್ಡ್‌ನಲ್ಲಿ ಐ-80 ಹೆದ್ದಾರಿಯ ಸುಮಾರು 100 ಮೈಲಿಯನ್ನು ದಿನಗಟ್ಟಲೆ ಮುಚ್ಚಿದ್ದರು. ಆದ್ದರಿಂದ ಫೋನಿನಲ್ಲಿ ಬರುವ ಪುಟ್ಟ ಮೋಡದ ಚಿತ್ರ ನಂಬಿ ಹೊರಡಬೇಡಿ. ನ್ಯಾಷನಲ್ ವೆದರ್ ಸರ್ವಿಸ್‌ನ ರೀನೋ ಕಚೇರಿ ಟಾಹೋ ಕಡೆಯ ಮುನ್ಸೂಚನೆಯನ್ನು ವಿವರವಾಗಿ ಬರೆಯುತ್ತದೆ. ಅದನ್ನು ಓದಿ. ಅಲ್ಲಿ 'ವಿಂಟರ್ ಸ್ಟಾರ್ಮ್ ವಾರ್ನಿಂಗ್' ಅಂತ ಇದ್ದರೆ ಟ್ರಿಪ್ ಮುಂದೂಡಿ, ಮರುಮಾತಿಲ್ಲ.

ಟಾಹೋಗೆ ದಾರಿ ಮುಖ್ಯವಾಗಿ ಎರಡು. ಉತ್ತರಕ್ಕೆ, ಟ್ರಕಿ ಕಡೆಗೆ, ಐ-80. ಅದು 7,239 ಅಡಿ ಎತ್ತರದ ಡಾನರ್ ಸಮಿಟ್ ದಾಟಿ ಹೋಗುತ್ತದೆ. ದಕ್ಷಿಣಕ್ಕೆ, ಸೌತ್ ಲೇಕ್ ಟಾಹೋ ಕಡೆಗೆ, ಹೈವೇ 50. ಅದರಲ್ಲಿ ಎಕೋ ಸಮಿಟ್ 7,382 ಅಡಿ. ಸ್ಯಾಕ್ರಮೆಂಟೋದಲ್ಲಿ ಬಿಸಿಲಿದ್ದು ಜಾಕೆಟ್ ತೆಗೆದಿರುತ್ತೀರಿ, ಒಂದೂವರೆ ಗಂಟೆ ಕಳೆದರೆ ವೈಪರ್ ಮೇಲೆ ಐಸ್ ಕಟ್ಟಿರುತ್ತದೆ. ಐ-80 ಅಗಲವಾದ ರಸ್ತೆ, 50ರಲ್ಲಿ ಎಕೋ ಹತ್ತಿರ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಐ-80.

ಈಗ ಚೈನ್ ವಿಷಯ, ಅಂದರೆ ಸ್ನೋ ಮೇಲೆ ಜಾರದಂತೆ ಟೈರಿಗೆ ಸುತ್ತುವ ಸರಪಳಿ. ಸ್ನೋ ಬಿದ್ದಾಗ ರಸ್ತೆಯಲ್ಲಿ ಗಾಡಿ ತಡೆದು ಇದನ್ನು ನೋಡುವುದೇ ಚೈನ್ ಕಂಟ್ರೋಲ್. ಕ್ಯಾಲಿಫೋರ್ನಿಯಾದಲ್ಲಿ ಅದು ಮೂರು ಹಂತ. ಆರ್-1 ಅಂದರೆ ಎಂಜಿನ್ ಓಡಿಸುವ ಚಕ್ರಗಳಿಗೆ ಸ್ನೋ ಟೈರ್ ಇದ್ದರೆ ಸಾಕು, ಇಲ್ಲದಿದ್ದರೆ ಚೈನ್ ಹಾಕಬೇಕು. ಆರ್-2 ಅಂದರೆ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಫೋರ್ ವೀಲ್ ಅಥವಾ ಆಲ್ ವೀಲ್ ಡ್ರೈವ್ ಗಾಡಿ ಬಿಟ್ಟು ಮಿಕ್ಕವರೆಲ್ಲ ಚೈನ್ ಹಾಕಲೇಬೇಕು. ಆರ್-3ರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಆದರೆ ಅಲ್ಲಿಗೆ ತಲುಪುವ ಮುಂಚೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚುತ್ತಾರೆ. ಇಲ್ಲಿ ಎಡವುವವರು ಹೊಸ ಎಸ್‌ಯುವಿ ತಗೊಂಡವರು. "ನಮ್ಮದು ಆಲ್ ವೀಲ್ ಡ್ರೈವ್, ಚೈನ್ ಯಾಕೆ?" ಅನ್ನುತ್ತಾರೆ. ಆಲ್ ವೀಲ್ ಡ್ರೈವ್ ಇದ್ದರೂ ಕಂಟ್ರೋಲ್ ಇರುವ ಕಡೆ ಡಿಕ್ಕಿಯಲ್ಲಿ ಚೈನ್ ಇರಲೇಬೇಕು, ಅದು ನಿಯಮ. ಇನ್ನೊಂದು ವಿಷಯ: ಆಲ್ ವೀಲ್ ಡ್ರೈವ್ ಗಾಡಿಯನ್ನು ಮುಂದಕ್ಕೆ ಎಳೆಯಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಹಿಡಿಯುವುದು ಟೈರ್. ಟೈರ್ ಬದಿಯಲ್ಲಿ 'ಎಂ+ಎಸ್' ಅಂತ ಇದ್ದರೆ ಕಾನೂನಿಗೆ ಸಾಕು. ಬೆಟ್ಟದೊಳಗೆ ಸ್ನೋಫ್ಲೇಕ್ ಇರುವ ಗುರುತಿದ್ದರೆ ಅದು ಕೆಲಸಕ್ಕೆ ಬರುವ ಟೈರ್.

ಬಾಡಿಗೆ ಕಾರಿನಲ್ಲಿ ಹೋಗುವವರು ಒಪ್ಪಂದ ಓದಿ. ಎಷ್ಟೋ ಬಾಡಿಗೆ ಕಂಪನಿಗಳು ಚೈನ್ ಹಾಕಬಾರದು ಅನ್ನುತ್ತವೆ. ಆಗ ಚೈನ್ ಹಾಕಿ ಕಾರಿಗೆ ಏನಾದರೂ ಆದರೆ ಖರ್ಚು ನಿಮ್ಮದೇ. ಹಾಕದಿದ್ದರೆ ಕಂಟ್ರೋಲಿನಲ್ಲಿ ವಾಪಸ್ ಕಳಿಸುತ್ತಾರೆ.

ಚೈನ್ ಕೊಳ್ಳುವಾಗ ಟೈರ್ ಮೇಲಿನ ಸಂಖ್ಯೆ ನೋಡಿ ಕೊಳ್ಳಿ (225/65ಆರ್17 ಅಂತ ಏನೋ ಇರುತ್ತದೆ). ಕಾರಿನ ಹೆಸರು ಹೇಳಿ ಕೊಂಡರೆ ಆಗುವುದಿಲ್ಲ, ಒಂದೇ ಮಾಡೆಲ್‌ಗೆ ಬೇರೆ ಬೇರೆ ಅಳತೆಯ ಚಕ್ರ ಬರುತ್ತವೆ. ನಿಮ್ಮ ಕಾರಿಗೆ ಯಾವ ರೀತಿಯದು ಹಾಕಬಹುದು ಅಂತ ಮ್ಯಾನ್ಯುಯಲ್‌ನಲ್ಲೂ ಒಮ್ಮೆ ನೋಡಿ. ಕೊಂಡ ಮೇಲೆ ಮನೆ ಮುಂದೆ ಬಿಸಿಲಲ್ಲಿ ಹಾಕಿ ತೆಗೆದು ಅಭ್ಯಾಸ ಮಾಡಿ. ನಮ್ಮದು ಫ್ರಂಟ್ ವೀಲ್ ಡ್ರೈವ್, ಹಾಗಾಗಿ ಮುಂದಿನ ಎರಡು ಚಕ್ರಕ್ಕೆ. ಹೋಗುವಾಗ ಐ-80ರಲ್ಲಿ ಕಿಂಗ್‌ವೇಲ್ ಅನ್ನುವ ಊರಿನ ಹತ್ತಿರ ಕತ್ತಲಲ್ಲಿ ಹಾಕುವಾಗ ಆ ಅಭ್ಯಾಸ ಬಹಳ ಉಪಯೋಗಕ್ಕೆ ಬಂತು. ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಬಂದು ಹಜಾರ್ಡ್ ಲೈಟ್ ಹಾಕಿದೆವು. ಹಳೇ ಪ್ಲಾಸ್ಟಿಕ್ ಚಾಪೆ ಹಾಸಿ ಮಂಡಿಯೂರಿ ಕೂತೆ. ಚೈನನ್ನು ಚಕ್ರದ ಹಿಂದಿನಿಂದ ಸುತ್ತಿ ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು, ಕೊನೆಗೆ ಬಿಗಿಯಲು ರಬ್ಬರ್. ಉಣ್ಣೆಯ ಗ್ಲೌಸ್ ಎರಡೇ ನಿಮಿಷದಲ್ಲಿ ಒದ್ದೆಯಾಗಿ ಬೆರಳು ಮರಗಟ್ಟುತ್ತದೆ. ಅದರ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ನೋಡಲು ಹೇಗಿದ್ದರೂ ಪರವಾಗಿಲ್ಲ. ಮಾವ ಮಂಕಿ ಕ್ಯಾಪ್ ಹಾಕಿಕೊಂಡು ಟಾರ್ಚ್ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ನೋಡಿ, "ಎತ್ತಿಗೆ ಲಾಳ ಕಟ್ಟಿದ ಹಾಗಾಯ್ತಲ್ಲಪ್ಪ ಇದು" ಅಂದರು. ಕಾರಿನ ಒಳಗಿಂದ ಅತ್ತೆ, "ನೀವು ಮೊದಲು ಒಳಗೆ ಬನ್ನಿ, ನೆಗಡಿ ಆಗುತ್ತೆ" ಅಂತ ಗಾಜು ಇಳಿಸಿ ಇಳಿಸಿ ಹೇಳುತ್ತಿದ್ದರು. ಹಾಕಿದ ಮೇಲೆ ನೂರು ಗಜ ಓಡಿಸಿ, ಇಳಿದು, ಮತ್ತೊಮ್ಮೆ ಬಿಗಿ ಮಾಡಿ. ಇದನ್ನು ಬಿಟ್ಟರೆ ಚೈನ್ ಸಡಿಲವಾಗಿ ಒಳಗಡೆ ಬಡಿಯತೊಡಗುತ್ತದೆ.

ನಿಮ್ಮ ಕೈಲಿ ಆಗದಿದ್ದರೆ ರಸ್ತೆ ಬದಿಯಲ್ಲಿ ಪರ್ಮಿಟ್ ಇರುವ ಚೈನ್ ಹಾಕುವವರು ಇರುತ್ತಾರೆ, ನಂಬರ್ ಬರೆದ ಜಾಕೆಟ್ ತೊಟ್ಟಿರುತ್ತಾರೆ. ದುಡ್ಡು ಎಷ್ಟು ಅಂತ ಮೊದಲೇ ಕೇಳಿ, ಕ್ಯಾಶ್ ಇಟ್ಟುಕೊಳ್ಳಿ. ಅವರು ಹಾಕಿ ಕೊಡುತ್ತಾರೆ ಅಷ್ಟೇ, ಚೈನ್ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಆದ್ದರಿಂದ 'ಮೇಲೆ ಹೋಗಿ ತಗೊಂಡರಾಯ್ತು' ಅನ್ನುವ ಲೆಕ್ಕ ಬೇಡ.

ಚೈನ್ ಹಾಕಿದ ಮೇಲೆ 25-30 ಮೈಲಿ ವೇಗವೇ ಮಿತಿ. ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಮುಂದಿನ ಗಾಡಿಗೂ ನಿಮಗೂ ನಡುವೆ ಎಷ್ಟು ಜಾಗ ಸಾಕು ಅನ್ನಿಸುತ್ತದೋ ಅದರ ಎರಡರಷ್ಟು ಬಿಡಿ. ಯಾರೋ ಮಧ್ಯೆ ನುಗ್ಗುತ್ತಾರೆ, ನುಗ್ಗಲಿ ಬಿಡಿ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಗಾಡಿ ಇಳಿಸಿದವರಿಗೆ ಇಲ್ಲಿ ಒಂದು ಅನುಕೂಲ ಉಂಟು: ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಾ ಬರಬಾರದು, ಕಡಿಮೆ ಗೇರಿನಲ್ಲಿ ಇಳಿಸಬೇಕು ಅನ್ನುವುದು ಕಾಲಿಗೇ ಗೊತ್ತಿರುತ್ತದೆ. ಎಷ್ಟೋ ಆಟೊಮ್ಯಾಟಿಕ್ ಕಾರುಗಳಲ್ಲೂ 'ಎಲ್' ಅಥವಾ 'ಬಿ' ಅಂತ ಇರುತ್ತದೆ, ಅದನ್ನು ಬಳಸಿ. ಗಾಡಿ ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಹೋಗಬೇಕಾದ ಕಡೆ ನೋಡುತ್ತಾ ಸ್ಟಿಯರಿಂಗ್ ಮೆಲ್ಲಗೆ ತಿರುಗಿಸಿ. ಎಬಿಎಸ್ ಇರುವ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಗಡಗಡ ನಡುಗುತ್ತದೆ. ಅದು ಸಹಜ, ಹೆದರಿ ಕಾಲು ಎತ್ತಬೇಡಿ. ರಸ್ತೆಯ ಸ್ನೋ ತಳ್ಳಿಕೊಂಡು ಹೋಗುವ ಸ್ನೋಪ್ಲೋ ಗಾಡಿಯನ್ನು ಓವರ್‌ಟೇಕ್ ಮಾಡಲೇಬೇಡಿ. ಅದರ ಹಿಂದಿನ ರಸ್ತೆಗಿಂತ ಒಳ್ಳೇ ರಸ್ತೆ ಆ ಬೆಟ್ಟದಲ್ಲಿ ಎಲ್ಲೂ ಸಿಗುವುದಿಲ್ಲ.

ಕಣ್ಣಿಗೆ ಕಾಣುವ ಸ್ನೋಗಿಂತ ಕಾಣದ ಬ್ಲ್ಯಾಕ್ ಐಸ್, ಅಂದರೆ ರಸ್ತೆ ಮೇಲೆ ಕಟ್ಟುವ ತೆಳು ಐಸ್ ಪದರ, ಅಪಾಯ. ಸೇತುವೆಗಳ ಮೇಲೆ, ಮರದ ನೆರಳಿರುವ ತಿರುವುಗಳಲ್ಲಿ, ಬೆಳಗಿನ ಹೊತ್ತು. ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ, ಆದರೆ ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತಿರುವುದಿಲ್ಲ. ಅದೇ ಸುಳಿವು.

ಭಾನುವಾರಕ್ಕೆ ಬರುತ್ತೇನೆ. ಬೆಳಗ್ಗೆಯಿಂದಲೇ ಅಕ್ಕಪಕ್ಕದ ಕ್ಯಾಬಿನ್‌ಗಳಲ್ಲಿ ಗಡಿಬಿಡಿ ಶುರುವಾಯ್ತು. ಮುಚ್ಚುವ ಮುಂಚೆ ಹೊರಟುಬಿಡೋಣ ಅಂತ ಎಲ್ಲರಿಗೂ ಆತುರ. ರಾಜ್ಯದ ಹೆದ್ದಾರಿ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಆ್ಯಪ್‌ನಲ್ಲಿ ರಸ್ತೆ ಕ್ಯಾಮರಾಗಳ ಚಿತ್ರ ನೋಡಿದರೆ ಡಾನರ್ ಮೇಲೆ ಬರೀ ಬಿಳಿ, ಗಾಡಿಗಳ ಹಿಂದಿನ ದೀಪವೂ ಮಸುಕು. ಮಾವನ ಬಿಪಿ ಮಾತ್ರೆ ಇದೆಯಾ ಅಂತ ನೋಡಿದೆವು, ವಾರಕ್ಕಾಗುವಷ್ಟು ಇತ್ತು. ಕ್ಯಾಬಿನ್ ಇನ್ನೂ ಸ್ವಲ್ಪ ಉಳಿಯಲು ಸಿಕ್ಕಿತು, ದುಡ್ಡು ಕೊಟ್ಟೆವು. ಆಫೀಸಿಗೆ ಮೆಸೇಜ್ ಹಾಕಿದೆವು. ಅಷ್ಟೇ. ನಮ್ಮ ಮುಂದೆಯೇ ಹೊರಟ ಒಂದು ಕುಟುಂಬ ರಾತ್ರಿ ಹಿಂದಿರುಗಿ ಬಂತು. ಮಧ್ಯಾಹ್ನವಿಡೀ ಕಾರಿನ ಸಾಲಿನಲ್ಲಿ ಕೂತು ಸಮಿಟ್ ಕೂಡ ಮುಟ್ಟಿರಲಿಲ್ಲ. ಮಗು ಅತ್ತು ಅತ್ತು ಸುಸ್ತಾಗಿತ್ತು. ಟ್ರಿಪ್ ಪ್ಲಾನ್ ಮಾಡುವಾಗಲೇ ವಾಪಸಾದ ಮರುದಿನ ಒಂದು ರಜೆ ಕೈಯಲ್ಲಿಟ್ಟುಕೊಳ್ಳಿ, ಕ್ಯಾಬಿನ್ ಮುಂದುವರಿಸಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಚೈನಿಗಿಂತ ಇದಕ್ಕೆ ಬೆಲೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಹೆದ್ದಾರಿ ಮುಚ್ಚಿದಾಗ ಫೋನಿನ ಮ್ಯಾಪ್ ಯಾವುದೋ ಕಾಡುದಾರಿ ತೋರಿಸಿ ಇಲ್ಲಿ ಹೋಗಿ ಅನ್ನುತ್ತದೆ. ಖಂಡಿತ ಹೋಗಬೇಡಿ. ಅಂಥ ದಾರಿಗಳಲ್ಲಿ ಸ್ನೋ ತೆಗೆಯುವವರೂ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ.

ಸಾಲಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುವ ಸಾಧ್ಯತೆ ಯಾವಾಗಲೂ ಇದೆ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಎಲೆಕ್ಟ್ರಿಕ್ ಕಾರಿನವರು ಐ-80ರಲ್ಲಿ ಮೇಲೆ ಹತ್ತುವ ಮುಂಚೆ ಸಿಗುವ ಆಬರ್ನ್ ಊರಲ್ಲೇ ಚೆನ್ನಾಗಿ ಚಾರ್ಜ್ ಮಾಡಿಕೊಳ್ಳಿ, ಚಳಿಗೆ ರೇಂಜ್ ಕುಸಿಯುತ್ತದೆ, ಹೀಟರ್ ಬೇರೆ ಬ್ಯಾಟರಿ ತಿನ್ನುತ್ತದೆ. ಒಬ್ಬೊಬ್ಬರಿಗೆ ಒಂದು ಕಂಬಳಿ, ಕುಡಿಯುವ ನೀರು, ಫ್ಲಾಸ್ಕಿನಲ್ಲಿ ಬಿಸಿನೀರು. ಊಟಕ್ಕೆ ಚಪಾತಿ-ಚಟ್ನಿಪುಡಿ ಕಟ್ಟಿಕೊಳ್ಳಿ, ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ. ಹಿರಿಯರು ಇದ್ದರೆ ಅದೇ ದಾರಿಯ ಕೋಲ್ಫ್ಯಾಕ್ಸ್ ಊರಲ್ಲಿ ನಿಲ್ಲಿಸಿ ಎಲ್ಲರೂ ಬಾತ್‌ರೂಮಿಗೆ ಹೋಗಿ ಬನ್ನಿ, ಬೇಡ ಅಂದರೂ ಕಳಿಸಿ. ನಿಂತ ಕಾರಿನಲ್ಲಿ ಎಂಜಿನ್ ಓಡಿಸಿ ಹೀಟರ್ ಹಾಕುವ ಮುಂಚೆ ಇಳಿದು ಸೈಲೆನ್ಸರ್ ಪೈಪಿನ ಸುತ್ತ ಸ್ನೋ ತೆಗೆಯಿರಿ. ಪೈಪ್ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಪ್ರಾಣ ಹೋಗುವುದೂ ಗೊತ್ತಾಗುವುದಿಲ್ಲ.

ಮಂಗಳವಾರ ಬಿಸಿಲು ಬಂತು. ಹೊರಡಲು ಮೊದಲು ಕಾರನ್ನು ಅಗೆಯಬೇಕಲ್ಲ. ಸಿಯೆರಾದ ಸ್ನೋ ಪುಡಿಪುಡಿ ಅಲ್ಲ, ಒದ್ದೆ, ಭಾರ. ಇಲ್ಲಿಯವರು 'ಸಿಯೆರಾ ಸಿಮೆಂಟ್' ಅಂತಲೇ ಕರೆಯುತ್ತಾರೆ. ಅದರ ಜೊತೆಗೆ ಪ್ಲೋ ಗಾಡಿ ರಸ್ತೆ ಗುಡಿಸಿ ನಮ್ಮ ಡ್ರೈವ್‌ವೇ ಬಾಯಿಗೆ ಸೊಂಟದೆತ್ತರದ ಗಟ್ಟಿ ದಿಬ್ಬ ಮಾಡಿ ಹೋಗಿತ್ತು. ಮಾವ ಉತ್ಸಾಹದಿಂದ ಸಲಿಕೆ ಹಿಡಿದರು. ತೋಟದಲ್ಲಿ ದುಡಿದ ಕೈ, ಸುಮ್ನೆ ಕೂರುವವರಲ್ಲ. ಆದರೂ ಬಿಡಲಿಲ್ಲ. ಆ ಚಳಿಯಲ್ಲಿ, ಅಷ್ಟು ಎತ್ತರದಲ್ಲಿ, ಬಿಪಿ ಇರುವವರು ಭಾರದ ಸ್ನೋ ಎತ್ತುವುದು ಹೃದಯಕ್ಕೆ ಒಳ್ಳೆಯದಲ್ಲ. ಹಿಡಿ ಉದ್ದ ಇರುವ ಸಲಿಕೆ ಒಯ್ಯಿರಿ, ಮಕ್ಕಳ ಪ್ಲಾಸ್ಟಿಕ್ ಸಲಿಕೆ ಆ ದಿಬ್ಬಕ್ಕೆ ತಾಗಿದರೆ ಮುರಿಯುತ್ತದೆ. ಕಾರಿನ ಟಾಪ್ ಮೇಲಿನ ಸ್ನೋ ಕೂಡ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅದು ಜಾರಿ ಗಾಜಿನ ಮೇಲೆ ಕುಸಿಯುತ್ತದೆ. ಹಿಂದಿನ ಸಂಜೆಯೇ ವೈಪರ್ ಎತ್ತಿ ನಿಲ್ಲಿಸಿದ್ದರೆ ಗಾಜಿಗೆ ಅಂಟಿರುವುದಿಲ್ಲ. ಐಸ್ ಹಿಡಿದ ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳು ಬಿಡುತ್ತದೆ. ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಜೋರಾಗಿ ಆಕ್ಸಿಲರೇಟರ್ ಕೊಟ್ಟಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಮುಂದೆ ಕಾರಿನ ಮ್ಯಾಟ್ ಇಟ್ಟು, ಮೆಲ್ಲಗೆ ಮುಂದೆ ಹಿಂದೆ ಆಡಿಸಿ ಹೊರಗೆ ತನ್ನಿ.

ನಾವು ಹೊರಟಿದ್ದು ಹತ್ತು ಗಂಟೆ ಮೇಲೆ, ರಸ್ತೆಗೆ ಬಿಸಿಲು ತಾಗಿದ ಮೇಲೆ. ಚೈನ್ ಕಂಟ್ರೋಲ್ ಆಗಲೇ ತೆಗೆದಿದ್ದರು. ಕಂಟ್ರೋಲ್ ಮುಗಿದ ಮೇಲೂ ಚೈನ್ ಹಾಕಿಕೊಂಡೇ ಓಡಿಸುವವರನ್ನು ಕಾಣುತ್ತೀರಿ. ಬರಿ ಡಾಂಬರಿನ ಮೇಲೆ ಅದು ತುಂಡಾಗಿ ಕಾರಿನ ಕೆಳಭಾಗಕ್ಕೇ ಹೊಡೆಯುತ್ತದೆ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಬಿಚ್ಚಿ.

ಮನೆಗೆ ಬಂದ ಮೇಲೆ ಕೆಳಭಾಗ ತೊಳೆಯುವ ಕಾರ್ ವಾಶ್‌ಗೆ ಒಮ್ಮೆ ಹೋಗಿ ಬನ್ನಿ, ರಸ್ತೆಗೆ ಹಾಕುವ ಉಪ್ಪುನೀರು ಕಬ್ಬಿಣ ತಿನ್ನುತ್ತದೆ. ಚೈನನ್ನೂ ತೊಳೆದು ಒಣಗಿಸಿ ಇಡಿ, ಬಿಗಿಯುವ ರಬ್ಬರ್ ಹರಿದಿದ್ದರೆ ಅದೊಂದನ್ನು ಬೇರೆ ತರಬಹುದು. ಒಮ್ಮೆಯೂ ಬಳಸದ ಚೈನನ್ನು ಕೆಲವು ಟೈರ್ ಅಂಗಡಿಗಳು ಸೀಸನ್ ಕೊನೆಗೆ ವಾಪಸ್ ತೆಗೆದುಕೊಳ್ಳುತ್ತವೆ, ರಸೀದಿ ಬಿಸಾಡಬೇಡಿ.